ಟಿಟಿಎಲ್ 64 ಬಂದರೆ ಲಿನಕ್ಸ್ ಅಂತಲೇ ಅರ್ಥವೇ?

ಪ್ರಶ್ನೆ: ನಾವು ಹುಬ್ಬಳ್ಳಿಯ ಮೂವರು ಗೆಳೆಯರು. ಬಿಡುವಿನ ವೇಳೆಯಲ್ಲಿ ಗೋ ಭಾಷೆಯಲ್ಲಿ ಒಂದು ಓಪನ್ ಸೋರ್ಸ್ ನೆಟ್‌ವರ್ಕ್ ಸ್ಕ್ಯಾನರ್ ಬರೆಯುತ್ತಿದ್ದೇವೆ. ಪೋರ್ಟ್ (ಸೇವೆಯೊಂದರ ಸಂಖ್ಯೆ ಹೊತ್ತ ಬಾಗಿಲು) ತೆರೆದಿದೆಯೇ ನೋಡುವುದು, ಬ್ಯಾನರ್ (ಸೇವೆ ತನ್ನ ಬಗ್ಗೆ ಕಳಿಸುವ ಪರಿಚಯದ ಸಾಲು) ಓದುವುದು, ಇಷ್ಟು ಆಗಿದೆ. ಈಗ ಎದುರಿನ ಯಂತ್ರದಲ್ಲಿ ಯಾವ ಓಎಸ್ (ಆಪರೇಟಿಂಗ್ ಸಿಸ್ಟಂ) ಇದೆ ಎಂದು ಹೇಳುವ ಸೌಲಭ್ಯ ಸೇರಿಸಬೇಕು. ಪಿಂಗ್ ಉತ್ತರದ ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೌಟರ್ ದಾಟಬಹುದು ಎಂಬ ಅಂಕಿ) 64ರ ಆಸುಪಾಸಿದ್ದರೆ ಲಿನಕ್ಸ್, 128ರ ಆಸುಪಾಸಿದ್ದರೆ ವಿಂಡೋಸ್ ಎಂದು ಬರೆದೆವು. ಕಾಲೇಜಿನ ಲ್ಯಾಬ್‌ನಲ್ಲಿ ಒಂದೂ ತಪ್ಪಲಿಲ್ಲ. ಆಮೇಲೆ ಗೆಳೆಯನ ಕಚೇರಿಯಲ್ಲಿ ಅವರ ಸಾಹೇಬರ ಅನುಮತಿ ಪಡೆದು ಓಡಿಸಿದೆವು. ಅಲ್ಲಿ ಪ್ರಿಂಟರನ್ನು ಲಿನಕ್ಸ್ ಸರ್ವರ್ ಎಂದಿತು. ಮನೆಯಿಂದ ಅವರ ಪಬ್ಲಿಕ್ ಐಪಿಗೆ ಓಡಿಸಿದರೆ, ವಿಂಡೋಸ್ ಸರ್ವರ್ ಎಂದು ನಮಗೆ ಖಚಿತವಾಗಿ ಗೊತ್ತಿದ್ದದ್ದನ್ನೂ ಲಿನಕ್ಸ್ ಎಂದಿತು. ಎನ್‌ಮ್ಯಾಪ್ ಎಂಬ ಹೆಸರಾಂತ ಸ್ಕ್ಯಾನರ್ ಅದೇ ಐಪಿಗೆ ಲಿನಕ್ಸ್ ಶೇ 93, ವಿಂಡೋಸ್ ಶೇ 88 ಎಂದು ಎರಡನ್ನೂ ಹೇಳಿ ತಲೆ ಕೆಡಿಸಿತು. ಎನ್‌ಮ್ಯಾಪ್‌ನ ಡೇಟಾಬೇಸನ್ನೇ ನಮ್ಮದಕ್ಕೆ ಹಾಕಿಕೊಳ್ಳಬಹುದೇ? ಮಷೀನ್ ಲರ್ನಿಂಗ್ ಬಳಸಿದರೆ ಸರಿಹೋಗುತ್ತದೆಯೇ? ಇಂಥದ್ದನ್ನು ಜನರ ಕೈಗೆ ಕೊಟ್ಟರೆ ಕಾನೂನಿನ ತೊಂದರೆ ಏನಾದರೂ ಇದೆಯೇ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ. ಆದರೆ ಪತ್ರ ಓದಿದರೆ ಚಿಂತೆ ಬೇರೆಯದೇ ಇದ್ದಂತಿದೆ. ಒಮ್ಮೆ ತಪ್ಪು ಹೇಳಿದ ಉಪಕರಣವನ್ನು ಯಾರಾದರೂ ಮತ್ತೆ ನಂಬುತ್ತಾರೆಯೇ ಎಂಬುದು ಅದು. ನಂಬುವುದಿಲ್ಲ. ಆದ್ದರಿಂದ ಮೊದಲು ಆ ವಿಂಡೋಸ್ ಸರ್ವರ್ ವಿಚಾರವನ್ನೇ ಬಿಡಿಸೋಣ.

ಮನೆಯಿಂದ ನೀವು ಪಿಂಗ್ ಮಾಡಿದ್ದು ಸರ್ವರ್‌ಗೆ ಅಲ್ಲ, ಆ ಕಚೇರಿಯ ಐಪಿ ವಿಳಾಸಕ್ಕೆ. ಆ ವಿಳಾಸದ ಬಾಗಿಲಲ್ಲಿ ಕೂತಿರುವುದು ಫೈರ್‌ವಾಲ್ ಪೆಟ್ಟಿಗೆ. ಇಂಥ ಪೆಟ್ಟಿಗೆಗಳಲ್ಲಿ ಬಹಳಷ್ಟರ ಒಳಗಿರುವುದು ಲಿನಕ್ಸ್ ಇಲ್ಲವೇ ಬಿಎಸ್‌ಡಿ ಕರ್ನಲ್ (ಓಎಸ್‌ನ ತಿರುಳು). ಪಿಂಗ್‌ಗೆ ಆ ಪೆಟ್ಟಿಗೆಯೇ ಉತ್ತರ ಕೊಟ್ಟಿತು, ಟಿಟಿಎಲ್ 64ರಿಂದ ಹೊರಟಿತು, ನಿಮ್ಮ ಕೋಡ್ ಲಿನಕ್ಸ್ ಎಂದಿತು. ಕೋಡ್ ಸುಳ್ಳು ಹೇಳಲಿಲ್ಲ, ನೀವು ಕೇಳಿದವರೇ ಬೇರೆ. ಎನ್‌ಮ್ಯಾಪ್ ಎರಡು ಹೆಸರು ಹೇಳಿದ್ದಕ್ಕೂ ಬಹುತೇಕ ಇದೇ ಕಾರಣ. ಅದರ ಕೆಲವು ಪ್ಯಾಕೆಟ್‌ಗಳು ಫಾರ್ವರ್ಡ್ ಆಗಿ ಒಳಗಿನ ವಿಂಡೋಸ್ ತಲುಪಿರುತ್ತವೆ, ಉಳಿದವಕ್ಕೆ ಫೈರ್‌ವಾಲ್ ತಾನೇ ಉತ್ತರಿಸಿರುತ್ತದೆ. ಇಬ್ಬರ ಬೆರಳಚ್ಚು ಒಂದೇ ಕಾಗದದ ಮೇಲೆ ಬಿದ್ದಿದೆ.

ಓಎಸ್ ಪತ್ತೆ ಎಂದರೆ ಮಾತಿನ ಧಾಟಿ ಕೇಳಿ ಊರು ಹೇಳುವ ಕೆಲಸ. "ಎಲ್ಲಿ ಹೊಂಟೀರಿ" ಎಂದರೆ ನಿಮ್ಮ ಕಡೆಯವರು, "ಎಲ್ಲಿಗೆ ಹೋಗ್ತಿದೀರ" ಎಂದರೆ ಮೈಸೂರು-ಬೆಂಗಳೂರು ಕಡೆಯವರು ಎಂದು ಅಂದಾಜು ಮಾಡುತ್ತೇವೆ. ಹೆಚ್ಚಿನ ಸಲ ಸರಿಯಾಗುತ್ತದೆ. ಆದರೆ ಮಧ್ಯೆ ದುಭಾಷಿ ಕೂತಿದ್ದರೆ ನಮಗೆ ಕೇಳುವುದು ದುಭಾಷಿಯ ಧಾಟಿ. ರಿವರ್ಸ್ ಪ್ರಾಕ್ಸಿ, ಲೋಡ್ ಬ್ಯಾಲೆನ್ಸರ್, ನ್ಯಾಟ್, ಎಲ್ಲವೂ ಇಂಥ ದುಭಾಷಿಗಳೇ. ಕ್ಲೌಡ್‌ನಲ್ಲಿರುವ ವೆಬ್‌ಸೈಟ್‌ಗಳ ವಿಷಯದಲ್ಲಂತೂ ಒಳಗಿನ ಯಂತ್ರದ ಸ್ವರ ಹೊರಗೆ ಕೇಳಿಸುವುದೇ ಅಪರೂಪ.

ಇನ್ನು ಟಿಟಿಎಲ್. ಐಪಿ ಹೆಡರ್‌ನಲ್ಲಿ ಅದಕ್ಕಿರುವುದು ಒಂದೇ ಬೈಟ್. ಪ್ಯಾಕೆಟ್ ದಾರಿಯಲ್ಲಿ ದಾಟುವ ಪ್ರತಿ ರೌಟರ್ ಅದರಿಂದ ಒಂದನ್ನು ಕಳೆಯುತ್ತದೆ. ವಿಂಡೋಸ್ 128ರಿಂದ ಹೊರಡುತ್ತದೆ, ಲಿನಕ್ಸ್ 64ರಿಂದ. ಇದು ನಿಜವೇ. ಆದರೆ 64ರಿಂದ ಹೊರಡುವುದು ಲಿನಕ್ಸ್ ಒಂದೇ ಅಲ್ಲ. ಮ್ಯಾಕ್, ಫ್ರೀಬಿಎಸ್‌ಡಿ, ಆಂಡ್ರಾಯ್ಡ್ ಫೋನು, ಎಷ್ಟೋ ಪ್ರಿಂಟರು, ಕ್ಯಾಮೆರಾ ಎಲ್ಲವೂ ಅದೇ ಸಾಲಿನವು. ಸಿಸ್ಕೊ ರೌಟರ್‌ಗಳು, ಸೋಲಾರಿಸ್ ಯಂತ್ರಗಳು 255ರಿಂದ ಹೊರಡುವುದುಂಟು. ಜೊತೆಗೆ ಲಿನಕ್ಸ್‌ನಲ್ಲಿ ಇದನ್ನು ಒಂದೇ ಸಾಲಿನ ಸೆಟ್ಟಿಂಗ್‌ನಿಂದ ಬದಲಿಸಬಹುದು. ನಿಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ತಪ್ಪದಿದ್ದದ್ದು ಅಲ್ಲಿ ವಿಂಡೋಸ್ ಮತ್ತು ಉಬುಂಟು (ಲಿನಕ್ಸ್‌ನ ಒಂದು ಬಗೆ) ಎರಡೇ ಇದ್ದಿರಬಹುದಾದ್ದರಿಂದ. ಇಬ್ಬರೇ ಇರುವ ಕೋಣೆಯಲ್ಲಿ ಕೆಮ್ಮಿದವರು ಯಾರೆಂದು ಹೇಳುವುದು ಏನು ಕಷ್ಟ?

ಧಾಟಿ ಬೇರೆಯಾಗುವುದೇಕೆ

ಯಂತ್ರಗಳು ಸಂಪರ್ಕ ಬೆಳೆಸಿ ಮಾತಾಡುವ ಪದ್ಧತಿಯೇ ಟಿಸಿಪಿ. ಅದರ ಮೂಲ ನಿಯಮಾವಳಿ ಆರ್‌ಎಫ್‌ಸಿ 793 ಹೊರಬಂದದ್ದು 1981ರಲ್ಲಿ. 2022ರಲ್ಲಿ ಆರ್‌ಎಫ್‌ಸಿ 9293 ಅದರ ಜಾಗಕ್ಕೆ ಬಂತು. ಸರಿಯಾದ ಪ್ಯಾಕೆಟ್ ಬಂದರೆ ಏನು ಮಾಡಬೇಕೆಂದು ಅದರಲ್ಲಿ ಸ್ಪಷ್ಟವಿದೆ. ಆದರೆ ವಿಂಡೋ ಗಾತ್ರ (ಒಂದು ಸಲಕ್ಕೆ ಎಷ್ಟು ಡೇಟಾ ಪಡೆಯಬಲ್ಲೆ ಎಂಬ ಅಂಕಿ) ಎಷ್ಟಿಡಬೇಕು, ಆಯ್ಕೆಗಳನ್ನು ಯಾವ ಕ್ರಮದಲ್ಲಿ ಬರೆಯಬೇಕು ಎಂಬುದನ್ನೆಲ್ಲ ಬರೆಯುವವನ ಇಷ್ಟಕ್ಕೆ ಬಿಟ್ಟಿದೆ. ಅರ್ಥವಿಲ್ಲದ ಪ್ಯಾಕೆಟ್ ಬಂದಾಗಿನ ನಡವಳಿಕೆಯಲ್ಲಂತೂ ಒಬ್ಬೊಬ್ಬರದು ಒಂದೊಂದು ದಾರಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ. ತೆರೆದ ಪೋರ್ಟ್‌ಗೆ ನೀವು ಸಿನ್, ಅಂದರೆ ಸಂಪರ್ಕ ಕೋರುವ ಪ್ಯಾಕೆಟ್ ಕಳಿಸುತ್ತೀರಿ. ಅದರಲ್ಲಿ ಟೈಮ್‌ಸ್ಟ್ಯಾಂಪ್ (ಸಮಯದ ಅಂಕಿ), ಸ್ಯಾಕ್ (ಯಾವ ತುಂಡುಗಳು ಮುಟ್ಟಿವೆ ಎಂದು ತಿಳಿಸುವುದು), ವಿಂಡೋ ಸ್ಕೇಲ್ (ವಿಂಡೋ ಗಾತ್ರವನ್ನು ಹಿಗ್ಗಿಸುವ ಅಂಕಿ) ಎಲ್ಲವನ್ನೂ ಕೇಳಿರುತ್ತೀರಿ. ಒಪ್ಪಿಗೆಯ ಉತ್ತರವಾಗಿ ಸಿನ್-ಆ್ಯಕ್ ಬರುತ್ತದೆ. ಲಿನಕ್ಸ್ ಆದರೆ ಅದರ ಆಯ್ಕೆಗಳ ಸಾಲು ಹೀಗಿರುತ್ತದೆ: ಮೊದಲು ಎಂಎಸ್‌ಎಸ್ 1460 (ಒಂದು ಪ್ಯಾಕೆಟ್‌ನಲ್ಲಿ ಹಿಡಿಯುವ ಗರಿಷ್ಠ ಡೇಟಾ, ಬೈಟ್‌ಗಳಲ್ಲಿ), ಆಮೇಲೆ ಸ್ಯಾಕ್ ಅನುಮತಿ, ಟೈಮ್‌ಸ್ಟ್ಯಾಂಪ್, ಜಾಗ ತುಂಬಲು ಒಂದು ನಾಪ್, ಕಡೆಗೆ ವಿಂಡೋ ಸ್ಕೇಲ್. ವಿಂಡೋಸ್‌ನಲ್ಲಿ ಎಂಎಸ್‌ಎಸ್ ಆದ ಕೂಡಲೇ ನಾಪ್, ಅದರ ಬೆನ್ನಿಗೇ ವಿಂಡೋ ಸ್ಕೇಲ್. ಸ್ಯಾಕ್ ಬರುವುದು ಅದಾದ ಮೇಲೆ. ಮ್ಯಾಕ್‌ನಲ್ಲಿ ಎಂಎಸ್‌ಎಸ್, ನಾಪ್, ವಿಂಡೋ ಸ್ಕೇಲ್, ಎರಡು ನಾಪ್, ಟೈಮ್‌ಸ್ಟ್ಯಾಂಪ್, ಸ್ಯಾಕ್, ಕೊನೆಯ ಗುರುತು. ಹೇಳುತ್ತಿರುವ ವಿಷಯ ಎಲ್ಲರದೂ ಒಂದೇ, ಜೋಡಿಸುವ ಕ್ರಮ ಮಾತ್ರ ಬೇರೆ. ಟಿಟಿಎಲ್ ಬದಲಿಸಿದ ಹಾಗೆ ಈ ಕ್ರಮವನ್ನು ಒಂದು ಸೆಟ್ಟಿಂಗ್‌ನಿಂದ ಬದಲಿಸಲಾಗದು, ಕರ್ನಲ್ ಕೋಡನ್ನೇ ಮುಟ್ಟಬೇಕು. ಅದಕ್ಕೇ ನನಗೆ ಟಿಟಿಎಲ್‌ಗಿಂತ ಇದರ ಮೇಲೆ ನಂಬಿಕೆ ಹೆಚ್ಚು.

ಅದೇ ಪ್ಯಾಕೆಟ್‌ನ ವಿಂಡೋ ಗಾತ್ರವನ್ನೂ ನೋಡಿ. ಹಳೆಯ ಲಿನಕ್ಸ್ ಕರ್ನಲ್‌ಗಳಲ್ಲಿ 28960 ಎಂಬ ಸಂಖ್ಯೆ ಪದೇ ಪದೇ ಕಾಣುತ್ತದೆ, ಈಚಿನವುಗಳಲ್ಲಿ 65160. ಮಂತ್ರದ ಅಂಕಿಗಳೇನಲ್ಲ. 1460ರಲ್ಲಿ ಟೈಮ್‌ಸ್ಟ್ಯಾಂಪ್‌ನ 12 ಬೈಟ್ ಕಳೆದರೆ 1448. ಅದರ 20 ಪಟ್ಟು 28960, 45 ಪಟ್ಟು 65160. ಹೀಗೆ ಒಂದೇ ಸಂಖ್ಯೆಯಿಂದ ಕರ್ನಲ್ ಯಾವ ಕಾಲದ್ದು ಎಂಬ ಅಂದಾಜೂ ಸಿಗುತ್ತದೆ.

ಅಸಂಬದ್ಧ ಪ್ಯಾಕೆಟ್‌ಗೂ ಒಂದು ಉದಾಹರಣೆ ಕೊಡುತ್ತೇನೆ. ಯಾವ ಫ್ಲ್ಯಾಗೂ (ಪ್ಯಾಕೆಟ್ ಏಕೆ ಬಂದಿದೆ ಎಂದು ಹೇಳುವ ಗುರುತು) ಇಲ್ಲದ ಖಾಲಿ ಟಿಸಿಪಿ ಪ್ಯಾಕೆಟನ್ನು ತೆರೆದ ಪೋರ್ಟ್‌ಗೆ ಕಳಿಸಿದರೆ, ನಿಯಮದ ಪ್ರಕಾರ ಅದನ್ನು ಸದ್ದಿಲ್ಲದೆ ಬಿಸಾಡಬೇಕು. ಲಿನಕ್ಸ್ ಹಾಗೇ ಮಾಡುತ್ತದೆ. ವಿಂಡೋಸ್ ರೀಸೆಟ್, ಅಂದರೆ ಸಂಪರ್ಕ ಕಡಿಯುವ ಪ್ಯಾಕೆಟ್ ಕಳಿಸುತ್ತದೆ. ಒಬ್ಬ ಸುಮ್ಮನಿರುತ್ತಾನೆ, ಇನ್ನೊಬ್ಬ ರೇಗುತ್ತಾನೆ, ನಮಗೆ ಗುರುತು ಸಿಕ್ಕಿತು.

ಎನ್‌ಮ್ಯಾಪ್ ಇದನ್ನು ಮಾಡಿದ್ದು ಹೇಗೆ

ಫ್ಯೋದರ್ ಎಂಬ ಹೆಸರಿನಲ್ಲಿ ಬರೆಯುವ ಗೋರ್ಡನ್ ಲಯನ್ 1997ರ ಸೆಪ್ಟೆಂಬರ್‌ನಲ್ಲಿ ಎನ್‌ಮ್ಯಾಪನ್ನು ಬಿಡುಗಡೆ ಮಾಡಿದಾಗ ಅದು ಬರೀ ಪೋರ್ಟ್ ಸ್ಕ್ಯಾನರ್ ಆಗಿತ್ತು. ಓಎಸ್ ಪತ್ತೆ ಸೇರಿದ್ದು ಮರುವರ್ಷ, 1998ರಲ್ಲಿ. ಅದಕ್ಕೂ ಮುಂಚೆ ಕ್ವೆಸೊ ಎಂಬ ಉಪಕರಣ ಈ ಕೆಲಸ ಮಾಡುತ್ತಿತ್ತು. ಎನ್‌ಮ್ಯಾಪ್‌ನ ಆ ಮೊದಲ ವಿಧಾನ ಎಂಟು ವರ್ಷ ನಡೆಯಿತು. 2006ರಲ್ಲಿ ಅದನ್ನು ಬದಿಗಿಟ್ಟು ಎರಡನೇ ತಲೆಮಾರಿನ ಪತ್ತೆಯನ್ನು ಹೊಸದಾಗಿ ಬರೆದರು. ಪರೀಕ್ಷೆಗಳು ಬದಲಾದ್ದರಿಂದ ಹಳೆಯ ಬೆರಳಚ್ಚುಗಳು (ಒಂದೊಂದು ಓಎಸ್ ಕೊಡುವ ಉತ್ತರಗಳ ದಾಖಲೆ) ಹೊಸದಕ್ಕೆ ಹೊಂದಲಿಲ್ಲ, ಸಂಗ್ರಹವನ್ನು ಮತ್ತೆ ಬಳಕೆದಾರರಿಂದಲೇ ಕಟ್ಟಬೇಕಾಯಿತು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗಿನ ವಿಧಾನದಲ್ಲಿ ಐಪಿವಿ4ಗೆ ಹೆಚ್ಚೆಂದರೆ 16 ಪ್ಯಾಕೆಟ್. ತೆರೆದ ಪೋರ್ಟ್‌ಗೆ ಆರು ಸಿನ್, ಒಂದರಿಂದ ಒಂದಕ್ಕೆ 100 ಮಿಲಿಸೆಕೆಂಡ್ ಅಂತರ. ಈ ಅಂತರ ಕರಾರುವಾಕ್ಕಾಗಿರಬೇಕು, ಏಕೆಂದರೆ ಎದುರಿನ ಯಂತ್ರದ ಸೀಕ್ವೆನ್ಸ್ ಸಂಖ್ಯೆಗಳು ಹೇಗೆ ಏರುತ್ತವೆ, ಟೈಮ್‌ಸ್ಟ್ಯಾಂಪ್ ಗಡಿಯಾರ ಎಷ್ಟು ವೇಗದಲ್ಲಿ ಓಡುತ್ತದೆ ಎಂಬ ಲೆಕ್ಕ ಇದರ ಮೇಲೆಯೇ ನಿಂತಿದೆ. ಆಮೇಲೆ ಎರಡು ಪಿಂಗ್, ದಟ್ಟಣೆ ಸೂಚನೆಯ ಬಿಟ್‌ಗಳನ್ನಿಟ್ಟ ಒಂದು ಸಿನ್, ವಿಚಿತ್ರ ಫ್ಲ್ಯಾಗ್‌ಗಳ ಆರು ಟಿಸಿಪಿ ಪ್ಯಾಕೆಟ್, ಕೊನೆಗೆ ಮುಚ್ಚಿದ ಪೋರ್ಟ್‌ಗೆ ಒಂದು ಯುಡಿಪಿ (ಸಂಪರ್ಕ ಬೆಳೆಸದೆಯೇ ಕಳಿಸುವ ಪ್ಯಾಕೆಟ್).

ಆ ಕೊನೆಯ ಯುಡಿಪಿ ನನಗೆ ಬಲು ಇಷ್ಟ. ಅದರ ಹೊಟ್ಟೆಯೊಳಗೆ ಇಂಗ್ಲಿಷಿನ "ಸಿ" ಅಕ್ಷರವನ್ನು 300 ಸಲ ತುಂಬಿರುತ್ತಾರೆ. ಪೋರ್ಟ್ ಮುಚ್ಚಿದ್ದರೆ ಎದುರಿನ ಯಂತ್ರ "ಇಲ್ಲಿ ಯಾರೂ ಇಲ್ಲ" ಎಂಬ ಐಸಿಎಂಪಿ ಸಂದೇಶ ಕಳಿಸುತ್ತದೆ, ಅದರೊಳಗೆ ನಮ್ಮದೇ ಪ್ಯಾಕೆಟ್‌ನ ಹೆಡರನ್ನು ವಾಪಸ್ ಇಟ್ಟು ಕೊಡುತ್ತದೆ. ಆ ಹೆಡರ್ ಅಲ್ಲಿಗೆ ಮುಟ್ಟಿದಾಗ ಟಿಟಿಎಲ್ ಎಷ್ಟು ಉಳಿದಿತ್ತು ಎಂಬುದು ಅದರಲ್ಲೇ ಇದೆ. ಕಳಿಸಿದ್ದರಲ್ಲಿ ಅದನ್ನು ಕಳೆದರೆ ಮಧ್ಯೆ ಎಷ್ಟು ಹಾಪ್, ಅಂದರೆ ಎಷ್ಟು ರೌಟರ್ ಎಂದು ತಿಳಿಯುತ್ತದೆ. ಆಗ ಎದುರಿನವನ ಟಿಟಿಎಲ್ ಎಷ್ಟರಿಂದ ಹೊರಟಿತ್ತು ಎಂದು ಊಹಿಸಬೇಕಿಲ್ಲ, ಲೆಕ್ಕ ಹಾಕಬಹುದು. ನಿಮ್ಮ "64ರ ಆಸುಪಾಸು" ಇದೆಯಲ್ಲ, ಅದನ್ನು ಸರಿಯಾಗಿ ಮಾಡುವ ಬಗೆ ಇದು.

ಒಂದು ತೆರೆದ ಪೋರ್ಟ್, ಒಂದು ಮುಚ್ಚಿದ ಪೋರ್ಟ್ ಎರಡೂ ಸಿಕ್ಕರೆ ಮಾತ್ರ ಈ ಪರೀಕ್ಷೆ ಪೂರ್ತಿಯಾಗುತ್ತದೆ. ಇವತ್ತಿನ ಫೈರ್‌ವಾಲ್‌ಗಳು ತೆರೆಯದ ಪೋರ್ಟ್‌ಗೆ ಬಂದದ್ದನ್ನೆಲ್ಲ ನುಂಗಿ ಸುಮ್ಮನಿರುತ್ತವೆ. "ಮುಚ್ಚಿದೆ" ಎಂಬ ಉತ್ತರವೇ ಬರುವುದಿಲ್ಲ. ಆಗ ಎನ್‌ಮ್ಯಾಪ್, ಫಲಿತಾಂಶ ನಂಬಲರ್ಹವಲ್ಲದಿರಬಹುದು ಎಂದು ಎಚ್ಚರಿಕೆ ಕೊಡುತ್ತದೆ. ಆ ಸಾಲನ್ನು ಓದದೆ ಕೆಳಗಿನ ಹೆಸರನ್ನು ಮಾತ್ರ ವರದಿಗೆ ಅಂಟಿಸುವವರನ್ನು ನಾನು ವರ್ಷಕ್ಕೆ ಹತ್ತು ಜನರನ್ನಾದರೂ ನೋಡುತ್ತೇನೆ.

ಶೇ 93ರ ಅರ್ಥವೇನು? ವಿಂಡೋಸ್ ಅಲ್ಲದೆ ಲಿನಕ್ಸ್ ಆಗಿರುವ ಸಂಭವ ನೂರರಲ್ಲಿ 93 ಎಂದು ಓದಿಕೊಳ್ಳುವುದೇ ಈ ಕ್ಷೇತ್ರದ ದೊಡ್ಡ ತಪ್ಪು ತಿಳಿವಳಿಕೆ. ಎನ್‌ಮ್ಯಾಪ್ ಒಂದೊಂದು ಪರೀಕ್ಷೆಗೂ ಅಂಕ ಇಟ್ಟಿದೆ. ಐಪಿ ಐಡಿ (ಪ್ರತಿ ಪ್ಯಾಕೆಟ್‌ಗೆ ಹಾಕುವ ಗುರುತಿನ ಸಂಖ್ಯೆ) ಏರುವ ಬಗೆಗೆ 100 ಅಂಕವಾದರೆ, ಸೀಕ್ವೆನ್ಸ್ ಸಂಖ್ಯೆಯ ಊಹ್ಯತೆಗೆ 25. ಉತ್ತರ ಸಿಕ್ಕ ಪರೀಕ್ಷೆಗಳ ಒಟ್ಟು ಅಂಕದಲ್ಲಿ ಸಂಗ್ರಹದ ಆ ಬೆರಳಚ್ಚಿಗೆ ಎಷ್ಟು ಹೊಂದಿತು ಎಂಬುದೇ ಆ ಶೇಕಡಾ. ಅದು ಅಂಕಪಟ್ಟಿ, ಸಂಭವದ ಲೆಕ್ಕವಲ್ಲ. ಹೊಂದದೇ ಉಳಿದ ಶೇ 7 ಅಂಕ ಎಲ್ಲಿಯದು ಎಂದು ನೋಡಿದರೆ ಕೆಲವೊಮ್ಮೆ ಪೂರ್ತಿ ಕಥೆ ಅಲ್ಲೇ ಇರುತ್ತದೆ. ನಿಮ್ಮ ಪ್ರಕರಣದಲ್ಲಿ ಪಿಂಗ್ ಮತ್ತು ಮುಚ್ಚಿದ ಪೋರ್ಟ್‌ನ ಉತ್ತರಗಳು ಒಂದು ಕಡೆ, ತೆರೆದ ಪೋರ್ಟ್‌ನವು ಇನ್ನೊಂದು ಕಡೆ ಎಳೆಯುತ್ತಿದ್ದರೆ, ಅಲ್ಲಿ ಇಬ್ಬರಿದ್ದಾರೆ ಎಂದೇ ಅರ್ಥ.

ಹಾಗಾದರೆ ನೀವೇನು ಮಾಡಬಹುದು

ಎನ್‌ಮ್ಯಾಪ್‌ನ ಡೇಟಾಬೇಸ್ ಎತ್ತಿಕೊಳ್ಳುವ ಮಾತು ಮೊದಲು. ಓಪನ್ ಆಗಿ ಸಿಗುತ್ತದೆ ಎಂದಾಕ್ಷಣ ಎಲ್ಲಿ ಬೇಕಾದರೂ ಹಾಕಬಹುದು ಎಂದಲ್ಲ. ಎನ್‌ಮ್ಯಾಪ್‌ಗೆ ಈಗ ತನ್ನದೇ ಎನ್‌ಪಿಎಸ್‌ಎಲ್ ಲೈಸೆನ್ಸ್ ಇದೆ, ಜಿಪಿಎಲ್ 2ನೇ ಆವೃತ್ತಿಯನ್ನು ಆಧಾರವಾಗಿಟ್ಟುಕೊಂಡು ಷರತ್ತು ಸೇರಿಸಿ ಮಾಡಿದ್ದು. ಅದರ ಓಎಸ್ ಡೇಟಾಬೇಸ್ ಫೈಲನ್ನು ಓದುವ ಅಥವಾ ಒಳಗೊಳ್ಳುವ ತಂತ್ರಾಂಶವನ್ನೂ ಎನ್‌ಮ್ಯಾಪ್‌ನಿಂದ ಹುಟ್ಟಿದ ಕೃತಿ ಎಂದೇ ಆ ಲೈಸೆನ್ಸ್ ಪರಿಗಣಿಸುತ್ತದೆ. ಬಹಳ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದು: ಎನ್‌ಮ್ಯಾಪನ್ನು ಓಡಿಸಿ ಅದರ ಔಟ್‌ಪುಟ್ ಓದುವುದಕ್ಕೆಂದೇ ಬರೆದ ಪ್ರೋಗ್ರಾಂ ಕೂಡ ಆ ಪಟ್ಟಿಯಲ್ಲಿದೆ. "ನಾವು ಕೋಡ್ ಮುಟ್ಟಲಿಲ್ಲ, ಹೊರಗಿನಿಂದ ಕರೆದೆವು ಅಷ್ಟೇ" ಎಂಬ ವಾದವನ್ನು ಅವರು ಮೊದಲೇ ಊಹಿಸಿ ಬರೆದಿಟ್ಟಿದ್ದಾರೆ. ನಿಮ್ಮ ಸ್ಕ್ಯಾನರ್ ಷರತ್ತು ತೀರಾ ಸಡಿಲವಾದ ಎಂಐಟಿ ಲೈಸೆನ್ಸ್‌ನಲ್ಲಿದ್ದರೆ ಇಲ್ಲಿ ಡಿಕ್ಕಿ ಹೊಡೆಯುತ್ತದೆ. ಲೈಸೆನ್ಸಿನ ಪೂರ್ತಿ ಪಠ್ಯ ಓದಿ ನಿರ್ಧರಿಸಿ. ನಾನಾಗಿದ್ದರೆ ಆ ಫೈಲನ್ನು ನನ್ನ ಪ್ರಾಜೆಕ್ಟ್‌ನೊಳಗೆ ತರುವುದಿಲ್ಲ.

ಸುಲಭಕ್ಕೆ ಕೈಗೆಟುಕುವುದು ಬ್ಯಾನರ್. ನೀವು ಈಗಾಗಲೇ ಓದುತ್ತಿದ್ದೀರಿ, ಅದನ್ನು ಅರ್ಥ ಮಾಡಿಕೊಳ್ಳುವುದಷ್ಟೇ ಬಾಕಿ. ದೂರದಿಂದ ಲಾಗಿನ್ ಆಗುವ ಸೇವೆಯಾದ ಎಸ್‌ಎಸ್‌ಎಚ್‌ನ ಬ್ಯಾನರ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ 8.9ಪಿ1 ಜೊತೆಗೆ ಉಬುಂಟು ಎಂಬ ಬಾಲವಿದ್ದರೆ ಅದು ಉಬುಂಟು 22.04 ಎನ್ನಬಹುದು. ವಿಂಡೋಸ್‌ನಲ್ಲಿ ಇನ್ನೂ ಚೆನ್ನಾಗಿ ಸಿಗುತ್ತದೆ. ಎಸ್‌ಎಂಬಿ (ಫೈಲ್ ಹಂಚಿಕೆ) ಅಥವಾ ಆರ್‌ಡಿಪಿಯಲ್ಲಿ (ದೂರದಿಂದ ಪರದೆ ಬಳಸುವುದು) ಲಾಗಿನ್ ಮಾತುಕತೆ ಶುರುವಾಗುವಾಗ, ಪಾಸ್‌ವರ್ಡ್ ಕೊಡುವ ಮೊದಲೇ, ಎನ್‌ಟಿಎಲ್‌ಎಂ ಎಂಬ ಗುರುತು ಪರಿಶೀಲನೆಯ ಸಂದೇಶದಲ್ಲಿ ಬಿಲ್ಡ್ ಸಂಖ್ಯೆ ಬರುತ್ತದೆ. 20348 ಬಂದರೆ ಸರ್ವರ್ 2022. 17763 ಬಂದರೆ ಸ್ವಲ್ಪ ತಡೆಯಿರಿ: ಸರ್ವರ್ 2019ಕ್ಕೂ ವಿಂಡೋಸ್ 10ರ 1809 ಆವೃತ್ತಿಗೂ ಅದೇ ಸಂಖ್ಯೆ. ಲಿನಕ್ಸ್ ಮೇಲೆ ಓಡುವ ಸಾಂಬಾ ಎಂಬ ಫೈಲ್ ಹಂಚಿಕೆ ತಂತ್ರಾಂಶ ಕೂಡ ಇದೇ ಜಾಗದಲ್ಲಿ 6.1 ಎಂದು ವಿಂಡೋಸ್ 7ರ ವೇಷ ಹಾಕುತ್ತದೆ. ಬಿಲ್ಡ್ ಸಂಖ್ಯೆ ಸೊನ್ನೆ ಇರುವುದರಿಂದ ಸಿಕ್ಕಿಬೀಳುತ್ತದೆ. ಇಂಥ ಬ್ಯಾನರ್‌ಗಳನ್ನು ಹೊಂದಿಸಿ ನೋಡಲು ರ್‍ಯಾಪಿಡ್7 ಕಂಪನಿಯ ರೆಕಾಗ್ ಸಂಗ್ರಹವಿದೆ, ಬಿಎಸ್‌ಡಿ ಲೈಸೆನ್ಸ್, ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಬ್ಯಾನರ್‌ನ ದೋಷವೆಂದರೆ ಅದು ಯಂತ್ರ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು. ಆಡಳಿತಗಾರ ಅಳಿಸಬಹುದು, ಬದಲಿಸಬಹುದು. ಕಂಟೇನರ್ (ಕೆಳಗಿನ ಯಂತ್ರದ ಕರ್ನಲನ್ನೇ ಬಳಸಿ ಪ್ರತ್ಯೇಕವಾಗಿ ಓಡುವ ತಂತ್ರಾಂಶದ ಪೊಟ್ಟಣ) ಇದ್ದರೆ ಬ್ಯಾನರ್ ಒಂದು ಹೇಳುತ್ತದೆ, ಪ್ಯಾಕೆಟ್ ಇನ್ನೊಂದು. ಡೆಬಿಯನ್ ಕಂಟೇನರ್ ಉಬುಂಟು ಯಂತ್ರದ ಮೇಲೆ ಓಡುತ್ತಿದ್ದರೆ ಕರ್ನಲ್ ಕೆಳಗಿನ ಯಂತ್ರದ್ದು, ಬ್ಯಾನರ್ ಕಂಟೇನರ್‌ನದು, ಎರಡೂ ನಿಜ. ಆವೃತ್ತಿ ಹಳೆಯದು ಎಂದಾಕ್ಷಣ ಅದರಲ್ಲಿ ದೋಷವಿದೆ ಎಂದೂ ಬರೆಯಬೇಡಿ. ಉಬುಂಟು, ಡೆಬಿಯನ್‌ನವರು ಆವೃತ್ತಿ ಸಂಖ್ಯೆ ಏರಿಸದೆಯೇ ತೇಪೆ ಹಾಕುತ್ತಾರೆ.

ನಾನು ಸಲಹೆ ಕೊಡುವ ಮುಂದಿನ ಹೆಜ್ಜೆ, ಹೊಸ ಪ್ಯಾಕೆಟ್ ಕಳಿಸದೆಯೇ ಸಿಗುವ ಸಾಕ್ಷಿ. ಪೋರ್ಟ್ ನೋಡಲು ಹೇಗೂ ಸಿನ್ ಕಳಿಸುತ್ತೀರಿ, ಸಿನ್-ಆ್ಯಕ್ ಹೇಗೂ ಬರುತ್ತದೆ. ಮೇಲೆ ಹೇಳಿದ ಆಯ್ಕೆಗಳ ಕ್ರಮ, ವಿಂಡೋ ಗಾತ್ರ, ಟಿಟಿಎಲ್, ಡಿಎಫ್ ಬಿಟ್ (ಪ್ಯಾಕೆಟ್ ಒಡೆಯಬೇಡಿ ಎಂಬ ಗುರುತು) ಎಲ್ಲವೂ ಅದರಲ್ಲೇ ಇದೆ. ಎರಡು ತೊಡಕು ಇವೆ. ಗೋ ಭಾಷೆಯ ಮಾಮೂಲಿ ಡಯಲ್ ಬಳಸುತ್ತಿದ್ದರೆ ಈ ಹೆಡರ್ ನಿಮ್ಮ ಪ್ರೋಗ್ರಾಂಗೆ ಕಾಣುವುದೇ ಇಲ್ಲ, ಕರ್ನಲ್ ಮಧ್ಯೆ ನುಂಗಿಬಿಡುತ್ತದೆ. ಪಕ್ಕದಲ್ಲಿ ಪ್ಯಾಕೆಟ್ ಕ್ಯಾಪ್ಚರ್ ಇಟ್ಟು ಕೇಳಿಸಿಕೊಳ್ಳಬೇಕು, ಅದಕ್ಕೆ ರೂಟ್ ಅಧಿಕಾರ ಬೇಕು. ಎರಡನೆಯದಾಗಿ, ನೀವೇ ಕಚ್ಚಾ ಸಿನ್ ತಯಾರಿಸುತ್ತಿದ್ದರೆ ಅದರಲ್ಲಿ ಆಯ್ಕೆಗಳನ್ನು ಪೂರ್ತಿ ಹಾಕಿ. ನೀವು ಕೇಳದ ಟೈಮ್‌ಸ್ಟ್ಯಾಂಪನ್ನು, ವಿಂಡೋ ಸ್ಕೇಲನ್ನು ಎದುರಿನವರು ತಾವಾಗಿ ಕೊಡುವುದಿಲ್ಲ, ಬರೀ ಎಂಎಸ್‌ಎಸ್ ಮಾತ್ರ ಕೊಟ್ಟು ಸುಮ್ಮನಾಗುತ್ತಾರೆ. ಎಷ್ಟೋ ಜನ ಇಲ್ಲೇ ಎಡವಿ "ಎಲ್ಲ ಯಂತ್ರವೂ ಒಂದೇ ಥರ ಕಾಣುತ್ತಿದೆ" ಎಂದು ದೂರುತ್ತಾರೆ.

ಕಚ್ಚಾ ಪ್ಯಾಕೆಟ್ ಬರೆಯುವಾಗ ಗಾಬರಿ ಹುಟ್ಟಿಸುವ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಸಿನ್-ಆ್ಯಕ್ ಬಂದ ಕೂಡಲೇ ನಿಮ್ಮ ಯಂತ್ರವೇ ರೀಸೆಟ್ ಕಳಿಸುವುದು ಕಾಣುತ್ತದೆ. ನಿಮ್ಮ ಕೋಡ್ ತಪ್ಪಲ್ಲ. ಈ ಸಂಪರ್ಕ ಶುರು ಮಾಡಿದ್ದು ನೀವು, ಕರ್ನಲ್‌ಗೆ ಅದರ ಸುಳಿವೇ ಇಲ್ಲ. ಕರೆಯದ ನೆಂಟ ಬಂದ ಎಂದು ಬಾಗಿಲು ಹಾಕುತ್ತದೆ. ಅರ್ಧ ಸಂಪರ್ಕ ಅಲ್ಲಿಗೇ ಮುಗಿಯುವುದರಿಂದ ಎದುರಿನ ಸರ್ವರ್‌ಗೂ ಅದು ಒಳ್ಳೆಯದೇ. ಸರ್ವರ್ ಅಲ್ಲದ ವಿಂಡೋಸ್‌ನಲ್ಲಿ ಮಾತ್ರ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಕಾಲದಿಂದಲೂ ಕಚ್ಚಾ ಸಾಕೆಟ್ ಮೂಲಕ ಟಿಸಿಪಿ ಕಳಿಸಲು ಬಿಡುವುದಿಲ್ಲ. ಅಲ್ಲಿ ಎನ್‌ಪಿಕ್ಯಾಪ್‌ನಂಥ ಡ್ರೈವರ್ ಬೇಕು.

ಒಂದೂ ಪ್ಯಾಕೆಟ್ ಕಳಿಸದೆ ಓಡಾಡುವ ಸಂಚಾರವನ್ನಷ್ಟೇ ಕೇಳಿ ಹೇಳುವ ದಾರಿಯೂ ಇದೆ. ಮಿಖಾಲ್ ಜಲೆವ್‌ಸ್ಕಿ ಬರೆದ ಪಿ0ಎಫ್ ಇದರಲ್ಲಿ ಹೆಸರುವಾಸಿ. ಆದರೆ ನಿಮ್ಮದು ಸ್ಕ್ಯಾನರ್, ಕೂತು ಕಾಯುವ ಉಪಕರಣವಲ್ಲ. ಅದರ ಬೆರಳಚ್ಚು ಬರೆಯುವ ಶೈಲಿಯನ್ನು ಮಾತ್ರ ಒಮ್ಮೆ ಓದಿ, ಒಂದು ಸಾಲಿನಲ್ಲಿ ಎಷ್ಟು ಹೇಳಬಹುದು ಎಂದು ತಿಳಿಯುತ್ತದೆ.

ವಿಚಿತ್ರ ಫ್ಲ್ಯಾಗ್‌ಗಳ ಪ್ಯಾಕೆಟ್ ಕಳಿಸುವ ಪೂರ್ತಿ ಪತ್ತೆಯನ್ನು ಕೊನೆಗಿಡಿ, ಡೀಫಾಲ್ಟ್ ಆಗಿ ಆಫ್ ಇರಲಿ. ಏಕೆಂದು ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಆಡಿಟ್‌ಗೆ ಹೋಗಿದ್ದೆ. ಕಚೇರಿಯ ನೆಟ್‌ವರ್ಕ್ ಬೇರೆ, ಯಂತ್ರಗಳ ನೆಟ್‌ವರ್ಕ್ ಬೇರೆ ಎಂದು ಹೇಳಿದ್ದರು. ನಾನೂ ನಕ್ಷೆ ನೋಡಿ ನಂಬಿದೆ. ಊಟದ ಹೊತ್ತಿಗೆ ಓಎಸ್ ಪತ್ತೆ ಓಡಿಸಿ ಕ್ಯಾಂಟೀನಿಗೆ ಹೋದೆ. ಸಾಂಬಾರು ಬಡಿಸುವಷ್ಟರಲ್ಲಿ ಶಿಫ್ಟ್ ಮೇಲ್ವಿಚಾರಕರು ಓಡಿಬಂದರು. ಚೀಲ ತೂಗುವ ಯಂತ್ರದ ಕಂಟ್ರೋಲರ್ ಸ್ತಬ್ಧವಾಗಿತ್ತು, ಪರದೆಯಲ್ಲಿ ಹಿಂದಿನ ಚೀಲದ ತೂಕ ಹಾಗೇ ನಿಂತಿತ್ತು. ಯಾರೋ ಯಾವತ್ತೋ ಒಂದು ಕೇಬಲ್ ಎಳೆದು ಅದನ್ನು ಕಚೇರಿಯ ಸ್ವಿಚ್‌ಗೆ ಸಿಕ್ಕಿಸಿದ್ದರು. ಸಿನ್, ಫಿನ್, ಅರ್ಜೆಂಟ್, ಪುಷ್ ಎಲ್ಲ ಒಟ್ಟಿಗೆ ಇರುವ ಪ್ಯಾಕೆಟ್ ಬಂದರೆ ಏನು ಮಾಡಬೇಕೆಂದು ಅದರ ಕೋಡ್ ಬರೆದವನು ಯೋಚಿಸಿಯೇ ಇರಲಿಲ್ಲ. ವಿದ್ಯುತ್ ತೆಗೆದು ಹಾಕಿದ ಮೇಲೆ ಸರಿಹೋಯಿತು. ಲಿಖಿತ ಅನುಮತಿ ನನ್ನ ಬ್ಯಾಗಿನಲ್ಲಿತ್ತು, ಹಾಗಾಗಿ ಬಚಾವಾದೆ. ಆ ಸಾಂಬಾರು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಮಷೀನ್ ಲರ್ನಿಂಗ್ ಬಗ್ಗೆ ನನ್ನ ಅಭಿಪ್ರಾಯ ಹೇಳುವುದಾದರೆ, ವಿಧಾನ ಒಳ್ಳೆಯದೇ. ಎನ್‌ಮ್ಯಾಪ್ ಕೂಡ ಐಪಿವಿ6 ಪತ್ತೆಗೆ ಲಾಜಿಸ್ಟಿಕ್ ರಿಗ್ರೆಶನ್ ಬಳಸುತ್ತದೆ. ಆದರೆ ನಿಮ್ಮ ಕೊರತೆ ಗಣಿತದಲ್ಲಿಲ್ಲ, ಸರಿಯಾಗಿ ಹೆಸರು ಬರೆದ ಮಾದರಿಗಳಲ್ಲಿದೆ. ಕಾಲೇಜಿನ ನಲವತ್ತು ಕಂಪ್ಯೂಟರ್ ಮೇಲೆ ಕಲಿತ ಮಾಡೆಲ್ ಪ್ರಪಂಚದಲ್ಲಿ ಎರಡೇ ಓಎಸ್ ಇವೆ ಎಂದುಕೊಳ್ಳುತ್ತದೆ. ಪ್ರಿಂಟರ್ ತೋರಿಸಿದರೂ ಎರಡರಲ್ಲೊಂದನ್ನು ಬಲು ಧೈರ್ಯದಿಂದ ಹೇಳುತ್ತದೆ. ನಿಮ್ಮ ಟಿಟಿಎಲ್ ಕೋಡ್ ಮಾಡಿದ್ದೂ ಅದನ್ನೇ ಅಲ್ಲವೇ?

ಸಂಗ್ರಹವೇ ನಿಜವಾದ ಕೆಲಸ. 2006ರ ಕಥೆ ನೆನಪಿಡಿ ಎಂದದ್ದು ಇದಕ್ಕೇ. "ಇದು ಲಿನಕ್ಸ್ 5" ಎಂಬ ತೀರ್ಮಾನವನ್ನಷ್ಟೇ ಉಳಿಸಿಕೊಂಡರೆ, ನಾಳೆ ಪರೀಕ್ಷೆ ಬದಲಿಸಿದಾಗ ಎಲ್ಲವೂ ರದ್ದಿ. ಕಳಿಸಿದ ಪ್ಯಾಕೆಟ್, ಬಂದ ಪ್ಯಾಕೆಟ್ ಎರಡನ್ನೂ ಬೈಟ್ ಬೈಟಾಗಿ ಹಾಗೇ ಇಟ್ಟುಕೊಳ್ಳಿ. ಬಳಕೆದಾರರಿಂದ ಮಾದರಿ ಪಡೆಯುವಾಗ ಯಂತ್ರ ಅವರ ಕಣ್ಣೆದುರಿಗಿದೆಯೇ, ಒಂದೇ ಲ್ಯಾನ್‌ನಲ್ಲಿದೆಯೇ, ಆವೃತ್ತಿಯನ್ನು ಅವರು ಯಂತ್ರದಲ್ಲೇ ನೋಡಿ ಬರೆದರೇ ಎಂದು ಕೇಳಿ. ಮನೆಯ ವೈಫೈ ರೌಟರ್‌ನ ಬೆರಳಚ್ಚನ್ನು "ನನ್ನ ಲ್ಯಾಪ್‌ಟಾಪ್ ವಿಂಡೋಸ್ 11" ಎಂದು ಕಳಿಸುವವರು ಖಂಡಿತ ಬರುತ್ತಾರೆ. ಅದರಲ್ಲಿ ಐಪಿ ವಿಳಾಸ ಉಳಿಯದಂತೆ ಅಳಿಸುವ ಜವಾಬ್ದಾರಿಯೂ ನಿಮ್ಮದೇ.

ಪರದೆಯ ಮೇಲೆ ಏನು ತೋರಿಸುತ್ತೀರಿ ಎಂಬುದರಲ್ಲಿ ಜಿಪುಣರಾಗಿರಿ. ಒಂದು ಹೆಸರು, ಒಂದು ಶೇಕಡಾ ಬೇಡ. ಹೀಗೆ ಬರೆಯಿರಿ: "443ನೇ ಪೋರ್ಟ್‌ನ ಸಿನ್-ಆ್ಯಕ್ ಲಿನಕ್ಸ್ ಕುಟುಂಬದ್ದು. 3389ರ (ಆರ್‌ಡಿಪಿ) ಬಿಲ್ಡ್ ಸಂಖ್ಯೆ ವಿಂಡೋಸ್‌ನದು. ಒಂದೇ ವಿಳಾಸದ ಹಿಂದೆ ಎರಡು ಯಂತ್ರ ಇರಬಹುದು. ಮುಚ್ಚಿದ ಪೋರ್ಟ್ ಸಿಗಲಿಲ್ಲ." ಓದುವವರಿಗೆ ಯಾವುದನ್ನು ಎಷ್ಟು ನಂಬಬೇಕೆಂದು ತಾನೇ ತಿಳಿಯುತ್ತದೆ. ಸಾಕ್ಷಿ ಸಾಲದಿದ್ದರೆ "ತಿಳಿಯಲಿಲ್ಲ" ಎಂದೇ ಬರಲಿ, ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಒಂದು ಆಡಿಟ್ ವರದಿಯಲ್ಲಿ "ವಿಂಡೋಸ್ ಎಕ್ಸ್‌ಪಿ" ಎಂದು ಬಂದಿದ್ದ ಒಂದೇ ಸಾಲಿನಿಂದ ಒಬ್ಬ ಐಟಿ ಮ್ಯಾನೇಜರ್ ಮೂರು ಮೀಟಿಂಗ್‌ನಲ್ಲಿ ನಿಂತು ಉತ್ತರಿಸಬೇಕಾದದ್ದನ್ನು ನಾನು ಕಂಡಿದ್ದೇನೆ. ಹುಡುಕಿದರೆ ಅದು ಗೋಡೆಗೆ ಹಾಕಿದ ಹಾಜರಾತಿ ಯಂತ್ರ.

ಎಷ್ಟು ದಿನದಿಂದ ಯಂತ್ರ ಆನ್ ಇದೆ ಎಂದು ಟೈಮ್‌ಸ್ಟ್ಯಾಂಪ್ ನೋಡಿ ಹೇಳುವ ಹಳೆಯ ತಂತ್ರವನ್ನು ಸೇರಿಸಲು ಹೋಗಬೇಡಿ. ಈಚಿನ ಲಿನಕ್ಸ್ ಕರ್ನಲ್‌ಗಳು ಆ ಗಡಿಯಾರಕ್ಕೆ ಮನಬಂದ ಸಂಖ್ಯೆಯೊಂದನ್ನು ಕೂಡಿಸಿ ಕಳಿಸುತ್ತವೆ.

ಕಾನೂನು. ಉಪಕರಣ ಬರೆಯುವುದು, ಮುಕ್ತವಾಗಿ ಹಂಚುವುದು ಒಂದು ವಿಷಯ. ಒಡೆಯರ ಅನುಮತಿ ಇಲ್ಲದೆ ಇನ್ನೊಬ್ಬರ ಯಂತ್ರದ ಮೇಲೆ ಓಡಿಸುವುದು ಬೇರೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಂ ಅನುಮತಿಯಿಲ್ಲದ ಪ್ರವೇಶ, ಅಡ್ಡಿಪಡಿಸುವಿಕೆ ಮುಂತಾದವನ್ನು ಪಟ್ಟಿ ಮಾಡುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಇಲ್ಲವೇ ವಂಚನೆಯಿಂದ ಮಾಡಿದರೆ 66ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಪೋರ್ಟ್ ನೋಡಿದ ಮಾತ್ರಕ್ಕೆ ಪ್ರವೇಶವಾಯಿತೇ ಎಂದು ವಕೀಲರು ವಾದಿಸಬಹುದು. ಆದರೆ ಆ ತೂಕದ ಯಂತ್ರ ನಿಂತ ಹಾಗೆ ಏನಾದರೂ ನಿಂತರೆ, ಅಡ್ಡಿಯಾಯಿತೇ ಎಂಬುದಕ್ಕೆ ವಾದವೇ ಬೇಕಿಲ್ಲ. ಸಾಹೇಬರ ಬಾಯಿಮಾತಿನ ಅನುಮತಿ ಸಾಲದು. ಯಾವ ಐಪಿಗಳು, ಯಾವ ದಿನ, ಎಷ್ಟು ಗಂಟೆಗೆ ಎಂದು ಬರೆದ ಒಂದು ಇಮೇಲ್ ಇರಲಿ. ಅಭ್ಯಾಸಕ್ಕೆ ಎನ್‌ಮ್ಯಾಪ್‌ನವರೇ ಸ್ಕ್ಯಾನ್‌ಮಿ ಎಂಬ ಯಂತ್ರವೊಂದನ್ನು ತೆರೆದಿಟ್ಟಿದ್ದಾರೆ, ದಿನಕ್ಕೆ ಕೆಲವು ಸಲ ಮಿತಿಯಲ್ಲಿ ಬಳಸಬಹುದು. ಅದಕ್ಕಿಂತ ಒಳ್ಳೆಯದು ನಿಮ್ಮದೇ ಕಂಪ್ಯೂಟರ್‌ನಲ್ಲಿ ನಾಲ್ಕೈದು ವರ್ಚುವಲ್ ಮಷೀನ್.

ಮತ್ತೆ ನಿಮ್ಮ ಗೆಳೆಯನ ಕಚೇರಿಗೆ ಬರೋಣ. ಈ ಸಲ ಪಿಂಗ್ ಬಿಡಿ. ಅದೇ ಪಬ್ಲಿಕ್ ಐಪಿಯ ಪ್ರತಿ ತೆರೆದ ಪೋರ್ಟ್‌ಗೂ ಎಲ್ಲ ಆಯ್ಕೆ ತುಂಬಿದ ಒಂದೊಂದು ಸಿನ್ ಕಳಿಸಿ, ಬಂದ ಸಿನ್-ಆ್ಯಕ್‌ಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಯಾವುದೋ ಒಂದರಲ್ಲಿ ವಿಂಡೋ ಸ್ಕೇಲ್ ಸ್ಯಾಕ್‌ಗಿಂತ ಮೊದಲು ಬಂದು, ಟಿಟಿಎಲ್ ಕೂಡ 128ಕ್ಕಿಂತ ತುಸು ಕಡಿಮೆ ಇದ್ದರೆ ನಿಮ್ಮ ವಿಂಡೋಸ್ ಅಲ್ಲಿ ಮಾತಾಡುತ್ತಿದೆ. ಹಾಗೆ ಒಂದೂ ಸಿಗದೆ ಎಲ್ಲವೂ ಒಂದೇ ಥರ ಇದ್ದರೆ ಬಹುಶಃ ಫೈರ್‌ವಾಲ್ ಪ್ರಾಕ್ಸಿಯಾಗಿ ಕೂತಿದೆ, ಹೊರಗಿನಿಂದ ಪ್ಯಾಕೆಟ್ ನೋಡಿ ಹೇಳುವುದಕ್ಕೆ ಏನೂ ಇಲ್ಲ.

ಪ್ರಿಂಟರ್‌ಗೆ ಹೋದಾಗ 9100ನೇ ಪೋರ್ಟ್‌ಗೆ ಬ್ಯಾನರ್ ಕೇಳುವ ಯಾವ ಸಾಲನ್ನೂ ಕಳಿಸಬೇಡಿ. ಎನ್‌ಮ್ಯಾಪ್ ಕೂಡ ಸರ್ವಿಸ್ ಪತ್ತೆಯಲ್ಲಿ 9100ರಿಂದ 9107ರವರೆಗಿನ ಪೋರ್ಟ್‌ಗಳನ್ನು ತಾನಾಗಿ ಬಿಟ್ಟುಬಿಡುತ್ತದೆ. ಅಲ್ಲಿಗೆ ಹೋದದ್ದನ್ನೆಲ್ಲ ಪ್ರಿಂಟರ್ ನಿಷ್ಠೆಯಿಂದ ಕಾಗದದ ಮೇಲೆ ಅಚ್ಚು ಹಾಕುತ್ತದೆ. ಆ ಹಾಳೆಗಳನ್ನು ನಿಮ್ಮ ಗೆಳೆಯನ ಸಾಹೇಬರೇ ಮೊದಲು ಎತ್ತಿಕೊಳ್ಳುತ್ತಾರೆ.